ಪಾನ್ ಮುಂದೋ, ರಾಜ ಮುಂದೋ?

ಪ್ರಶ್ನೆ: ಸರ್, ನಾನು ಶಿರಸಿ ಹತ್ರದವಳು, ಡಿಗ್ರಿ ಸೆಕೆಂಡ್ ಇಯರ್. ಎರಡು ವರ್ಷದಿಂದ ಚೆಸ್ ಆಡ್ತಿದೀನಿ, ಓಪನಿಂಗ್ ಒಂದಿಷ್ಟು ಗೊತ್ತು, ಆದ್ರೆ ಎಂಡ್‌ಗೇಮ್, ಅಂದ್ರೆ ಕೆಲವೇ ಕಾಯಿ ಉಳಿದಿರೋ ಕೊನೇ ಹಂತ, ಬಂತು ಅಂದ್ರೆ ಗೆಲ್ಲೋ ಆಟನೂ ಕೈಜಾರತ್ತೆ. ಮೊನ್ನೆ ಟೂರ್ನಮೆಂಟಲ್ಲಿ ನನ್ನ ಬಿಳಿ ರಾಜ ಡಿ3, ಪಾನ್ (ಕಾಲಾಳು) ಇ2, ಎದುರಿನವರ ಹತ್ರ ಬರೀ ರಾಜ, ಇ6ಲ್ಲಿ (ಅಕ್ಷರ ಉದ್ದ ಸಾಲು, ಅಂಕಿ ಬಿಳಿ ಕಡೆಯಿಂದ ಎಣಿಸೋ ಅಡ್ಡ ಸಾಲು). ಮೂವ್ ನಂದೇ. ಬೇಗ ರಾಣಿ ಮಾಡ್ಕೊಳ್ಳೋಣ ಅಂತ ಪಾನನ್ನ ಇ4ಕ್ಕೆ ತಳ್ದೆ, ಡ್ರಾ ಆಗೋಯ್ತು. ಎಂಡ್‌ಗೇಮ್ ಎಲ್ಲಿಂದ ಶುರು ಮಾಡ್ಲಿ?

ಉತ್ತರ: ಬೇರೆಲ್ಲೂ ಹೋಗ್ಬೇಡ ತಂಗಿ, ಇದೇ ಪೊಸಿಷನ್ನಿಂದ ಶುರು ಮಾಡು. ಪಾನ್ ಇ4ಕ್ಕೆ ಹೋದ ತಕ್ಷಣ ಕಪ್ಪು ರಾಜ ಇ5ಕ್ಕೆ ಬಂದು ಅಡ್ಡ ನಿಲ್ತಾನೆ, ನೀನು ಇ3ಕ್ಕೆ ಬಂದ್ರೆ ನೇರ ಇ6ಕ್ಕೆ ಹಿಂದೆ ಸರೀತಾನೆ, ಆಮೇಲೆ ನೀನು ಡಿ4 ಅಂದ್ರೆ ಅವ್ನು ಡಿ6, ಎಫ್4 ಅಂದ್ರೆ ಎಫ್6, ದಾರಿನೇ ಬಿಡಲ್ಲ. ಆಡ್ಬೇಕಿದ್ದಿದ್ದು ರಾಜನನ್ನ ಇ4ಕ್ಕೆ. ಈಗ ಇಬ್ರು ರಾಜರ ಮಧ್ಯೆ ಒಂದೇ ಮನೆ, ಮೂವ್ ಅವ್ನದು, ಸರೀಲೇಬೇಕು. ಇದೇ ಆಪೊಸಿಷನ್. ಡಿ6ಕ್ಕೆ ಸರಿದ್ರೆ ನೀನು ಎಫ್5, ಎಫ್6ಕ್ಕೆ ಹೋದ್ರೆ ಡಿ5, ಹಿಂದೆ ಇ7ಕ್ಕೆ ಹೋದ್ರೆ ಇ5. ಪಾನ್ ಇನ್ನೂ ಇ2ಲ್ಲೇ ಕೂತಿರೋದು ನಿನ್ನ ಕೈಲಿರೋ ಉಳಿತಾಯ, ಎಲ್ಲಾದ್ರೂ ಎದುರುಬದುರು ನಿಂತಾಗ ಮೂವ್ ನಿಂದೇ ಆಗ್ಬಿಟ್ರೆ ಇ3 ಅಂತ ಒಂದು ಹೆಜ್ಜೆ ಇಟ್ಟು ಸರದಿ ಅವ್ನಿಗೆ ದಾಟಿಸ್ಬಹುದು. ನೀನು ಅದನ್ನ ಮೊದ್ಲೇ ಖರ್ಚು ಮಾಡ್ಬಿಟ್ಟೆ.

ರಾಜ ಪಾನಿಗಿಂತ ಮುಂದೆ ಆರನೇ ಸಾಲು ಮುಟ್ಟಿದ್ರೆ ಮೂವ್ ಯಾರದ್ದಿದ್ರೂ ಗೆಲುವೇ, ಎ ಮತ್ತು ಎಚ್ ಸಾಲಿನ ಪಾನ್ ಮಾತ್ರ ಬೇರೆ, ಅಲ್ಲಿ ಎದುರಿನ ರಾಜ ಮೂಲೆ ಹಿಡಿದ್ರೆ ಡ್ರಾ.

ಮೊಬೈಲಲ್ಲಿ ವಿಡಿಯೋ ನೋಡಿದ್ರೆ ಇದು ತಲೇಲಿ ನಿಲ್ಲಲ್ಲ. ಮಳೆಗಾಲದಲ್ಲಿ ನಿಮ್ಮ ಘಟ್ಟದ ಮೇಲೆ ಕರೆಂಟ್ ಹೋಗೋದು ಇದ್ದಿದ್ದೇ, ಆಗ ಜಗಲಿ ಮೇಲೆ ಬೋರ್ಡ್ ಹಾಕ್ಕೊಂಡು ಅಪ್ಪನ್ನೋ ತಮ್ಮನ್ನೋ ಕೂರಿಸ್ಕೋ, ಒಂದ್ಸಲ ಬಿಳಿ ಆಡು, ಒಂದ್ಸಲ ಕಪ್ಪು. ಡ್ರಾ ಹಿಡಿಯೋಕೆ ಕಲಿತವಳಿಗೇ ಗೆಲ್ಲೋ ದಾರಿ ಸರಿಯಾಗಿ ಕಾಣೋದು, ಇದು ನನ್ನ ಗಟ್ಟಿ ನಂಬಿಕೆ. 1921ರಿಂದ 1927ರ ತನಕ ವರ್ಲ್ಡ್ ಚಾಂಪಿಯನ್ ಆಗಿದ್ದ ಕ್ಯೂಬಾದ ಕಾಪಾಬ್ಲಾಂಕಾ ಕೂಡ ಎಂಡ್‌ಗೇಮ್ ಮೊದ್ಲು ಕಲೀರಿ ಅಂತಲೇ ಹೇಳ್ತಿದ್ರು.

ಇದು ಕೈಗೆ ಹತ್ತಿದ ಮೇಲೆ ಆನೆ ಎಂಡ್‌ಗೇಮಿಗೆ ಬಾ, ಆಟದಲ್ಲಿ ಜಾಸ್ತಿ ಸಿಗೋದು ಅದೇ. ಮೊದ್ಲು ಫಿಲಿಡೋರ್ ಪೊಸಿಷನ್, ಬಿಳಿ ಹತ್ರ ಆನೆ ಜೊತೆ ಒಂದು ಪಾನ್, ಕಪ್ಪು ಹತ್ರ ಬರೀ ಆನೆ, ಕಪ್ಪು ಡ್ರಾ ಹಿಡೀಬೇಕು: ನೀನು ಕಪ್ಪು, ರಾಜ ಪಾನಿನ ಎದುರು ಕೊನೇ ಸಾಲಲ್ಲಿ, ನಿನ್ನ ಆನೆ ಆರನೇ ಸಾಲಲ್ಲೇ ಅಡ್ಡಾಡ್ತಾ ಬಿಳಿ ರಾಜನನ್ನ ತಡೀಬೇಕು. ಪಾನ್ ಆರಕ್ಕೆ ಬಂದ ಕ್ಷಣ ಆನೆನ ಒಂದನೇ ಸಾಲಿಗೆ ಇಳಿಸಿ ಹಿಂದಿಂದ ಚೆಕ್ ಕೊಡ್ತಾ ಹೋಗು, ಅಡಗೋಕೆ ಅವ್ನಿಗೆ ಜಾಗ ಇರಲ್ಲ. ಆಡ್ತಾ ಎಲ್ಲಾದ್ರೂ ಸಿಕ್ಕಾಕ್ಕೊಂಡ್ರೆ ಪೊಸಿಷನ್ ಬರ್ದು ಕಳ್ಸು, ಮೂವ್ ಯಾರದು ಅಂತ ಬರಿಯೋದು ಮರೀಬೇಡ.