ಕೊಲಾಬಾದ ಸೂಜಿ, ಧ್ರುವದ ಬೆಳಕು

ಡೊಂಬಿವಲಿಯಿಂದ ನಮ್ಮ ಹಳೆಯ ಚಂದಾದಾರರೊಬ್ಬರು, ನಿವೃತ್ತ ಬ್ಯಾಂಕ್ ಅಧಿಕಾರಿ, ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ ಧ್ರುವದ ಆಕಾಶದಲ್ಲಿ ಮೂಡುವ ಬಣ್ಣದ ಬೆಳಕಿನ, ಆ ಧ್ರುವಪ್ರಭೆಯ, ಚಿತ್ರ ನೋಡಿ ಕೈಮುಗಿಯಬೇಕು ಅನ್ನಿಸಿತು. ಜೊತೆಗಿದ್ದ ನಾಲ್ಕು ಪುಟ ಓದಿದ ಮೇಲೆ ಆ ಭಾವವೇ ಹೊರಟುಹೋಯಿತು. ಇಲೆಕ್ಟ್ರಾನ್, ಆಮ್ಲಜನಕ ಎಂದು ಬಿಡಿಸಿಟ್ಟರೆ ದೇವರ ದೀಪದಲ್ಲಿ ಏನುಳಿಯುತ್ತದೆ? ನಕ್ಷತ್ರವೇ ಕಾಣದ ಮುಂಬಯಿಯ ಕನ್ನಡಿಗನಿಗೆ ನಾರ್ವೆಯ ಆಕಾಶದ ಉಸಾಬರಿ ಯಾಕೆ? ಆ ಪುಟಗಳನ್ನು ಕತೆ, ಕವಿತೆಗೆ ಕೊಡಿ. ಲಡಾಖಿನಲ್ಲಿ ಅದು ಬರೀ ಕೆಂಪಾಗಿ ಕಂಡದ್ದು ಯಾಕೆ ಎಂದು ಮೊಮ್ಮಗಳು ಕೇಳುತ್ತಿದ್ದಾಳೆ, ನನಗೆ ಗೊತ್ತಿಲ್ಲ."

ಪ್ರಿಯ ರಾಯರೇ,

ಕೈಮುಗಿಯಬೇಕು ಅನ್ನಿಸಿದ್ದು ಸಹಜ, ಅದರಲ್ಲಿ ತಪ್ಪೇನಿಲ್ಲ. ಆದರೆ ತಿಳಿದ ಮೇಲೆ ಭಾವ ಹೋಗುತ್ತದೆ ಎಂಬ ಮಾತನ್ನು ನಾನು ಒಪ್ಪಲಾರೆ. ನನ್ನ ಅನುಭವವೇ ಬೇರೆ.

ಹದಿನಾಲ್ಕರ ವಯಸ್ಸಿನಲ್ಲಿ ನಾನು ಕುಂದಾಪುರದ ಕಡೆಯಿಂದ ಬಂದು ಮುಂಬಯಿಯ ಫೋರ್ಟಿನ ಹೋಟೆಲೊಂದರಲ್ಲಿ ಲೋಟ ತೊಳೆಯುತ್ತಿದ್ದೆ. ರಾತ್ರಿ ಕನ್ನಡ ಶಾಲೆ. ಒಂದು ಸಂಜೆ ಉಪ್ಪು ಹಾಕಿದ ಗಂಜಿ ಉಕ್ಕಿ ಸ್ಟವ್ ಮೇಲೆ ಚೆಲ್ಲಿತು. ನೀಲಿ ಉರಿ ಭಗ್ಗನೆ ಹಳದಿಯಾಯಿತು. ಅಡುಗೆ ಭಟ್ಟರು ಬೈದರು, ನಾನು ಉರಿಯನ್ನೇ ನೋಡುತ್ತ ನಿಂತೆ. ರಾತ್ರಿ ಮಾಸ್ತರರಿಗೆ ಹೇಳಿದಾಗ ಅವರು, "ಅದು ಉಪ್ಪಿನೊಳಗಿನ ಸೋಡಿಯಂ ಮಾರಾಯ. ಒಂದೊಂದು ಧಾತುವಿಗೆ ಅದರದ್ದೇ ಬಣ್ಣ ಉಂಟು" ಅಂದರು. ಮರುದಿನ ಅದೇ ಸ್ಟವ್, ಅದೇ ಗಂಜಿ. ನನಗೆ ಮಾತ್ರ ಅಡುಗೆಮನೆ ಬೇರೆಯಾಗಿ ಕಂಡಿತು. ಆ ಸಂತೋಷ ಇವತ್ತಿಗೂ ಕಡಿಮೆಯಾಗಿಲ್ಲ.

ಧ್ರುವಪ್ರಭೆಯ ಹಸಿರೂ ಅಂಥದ್ದೇ. 1867ರಲ್ಲಿ ಸ್ವೀಡನ್ನಿನ ವಿಜ್ಞಾನಿ ಆಂಗ್‌ಸ್ಟ್ರಾಮ್ ಆ ಬೆಳಕನ್ನು ಒಡೆದು ನೋಡಿದಾಗ ಅಲ್ಲೊಂದು ಹಸಿರು ಗೆರೆ ಕಂಡಿತು. ಯಾವ ಧಾತುವಿನದು ಎಂದು ಯಾರಿಗೂ ಹೇಳಲಾಗಲಿಲ್ಲ. ಅದು ಆಮ್ಲಜನಕದ್ದೆಂದು ಖಚಿತವಾದದ್ದು 1925ರಲ್ಲಿ. ನಾವು ಉಸಿರಾಡುವ ಗಾಳಿಯಲ್ಲೇ ಇರುವ ಧಾತುವನ್ನು ಗುರುತಿಸಲು ಅಷ್ಟು ಕಾಲ ಯಾಕೆ ಹಿಡಿಯಿತು? ಮೇಲಿನಿಂದ ಧುಮುಕುವ ಇಲೆಕ್ಟ್ರಾನ್‌ನಿಂದ ಪೆಟ್ಟು ತಿಂದ ಆಮ್ಲಜನಕದ ಪರಮಾಣು ಹಸಿರು ಬೆಳಕು ಬಿಡಲು ಮುಕ್ಕಾಲು ಸೆಕೆಂಡು ಬೇಕು, ಕೆಂಪು ಬಿಡಲು ಹೆಚ್ಚುಕಡಿಮೆ ಎರಡು ನಿಮಿಷ. ಅಷ್ಟು ಹೊತ್ತು ಅದನ್ನು ಯಾರೂ ಮುಟ್ಟಬಾರದು. ನಮ್ಮ ಕೆಳಗಿನ ಗಾಳಿಯಲ್ಲಿ ಅದು ಸಾಧ್ಯವೇ? ಸಂಜೆ ಆರರ ವಿರಾರ್ ಲೋಕಲಿನಲ್ಲಿ ನಿಂತವನಿಗೆ ಎರಡು ನಿಮಿಷ ಯಾರ ಮೈಯೂ ತಾಗದಿರುತ್ತದೆಯೇ? ಬೆಳಕಾಗಬೇಕಾದ ಚೈತನ್ಯವೆಲ್ಲ ಡಿಕ್ಕಿಯಲ್ಲೇ ಕಳೆದುಹೋಗುತ್ತದೆ. ನೂರು ಕಿಲೋಮೀಟರ್ ಮೇಲೆ ಗಾಳಿ ತೆಳುವಾಗಿರುವುದರಿಂದ ಹಸಿರು ಬರುತ್ತದೆ. ಇನ್ನೂರು ದಾಟಿದ ಮೇಲೆ ಕೆಂಪಿಗೂ ಬಿಡುವು ಸಿಗುತ್ತದೆ.

ನಿಮ್ಮ ಮೊಮ್ಮಗಳ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. 2024ರ ಮೇ 10ರ ರಾತ್ರಿ ದೊಡ್ಡ ಸೌರಬಿರುಗಾಳಿ ಬಂದಾಗ ಲಡಾಖಿನ ಹಾನ್ಲೆ ವೀಕ್ಷಣಾಲಯದ ಕ್ಯಾಮೆರಾಗಳಿಗೆ ಕೆಂಪು ಸಿಕ್ಕಿತು. ಹಾನ್ಲೆ ಬಹಳ ದಕ್ಷಿಣಕ್ಕಿದೆ, ಭೂಮಿ ಗುಂಡಗಿದೆ. ಕೆಳಗಿನ ಹಸಿರೆಲ್ಲ ದಿಗಂತದ ಆಚೆ ಉಳಿಯಿತು, ಮೇಲಿನ ಕೆಂಪಂಚು ಮಾತ್ರ ಕಂಡಿತು. ಸೂರ್ಯನ ಕಣಗಳು ನೇರವಾಗಿ ಧ್ರುವಕ್ಕೆ ಸುರಿಯುತ್ತವೆ ಎಂದು ಬಹಳ ಕಡೆ ಬರೆಯುತ್ತಾರೆ, ಅದನ್ನು ಅವಳು ನಂಬುವುದು ಬೇಡ. ಸೌರಮಾರುತ, ಅಂದರೆ ಸೂರ್ಯನಿಂದ ಬೀಸುವ ಕಣಗಳ ಗಾಳಿ, ಭೂಮಿಯ ಕಾಂತಕ್ಷೇತ್ರವನ್ನು ರಾತ್ರಿಯ ಬದಿಗೆ ಬಾಲದಂತೆ ಎಳೆಯುತ್ತದೆ. ಆ ಬಾಲದ ಬಲರೇಖೆಗಳು ಕಡಿದು ಮತ್ತೆ ಕೂಡಿಕೊಳ್ಳುವಾಗ ಹೊರಬೀಳುವ ಶಕ್ತಿಯಿಂದಲೇ ಇಲೆಕ್ಟ್ರಾನ್‌ಗಳು ರೇಖೆ ಹಿಡಿದು ಧ್ರುವಗಳತ್ತ ಧುಮುಕುವುದು.

ಇನ್ನು ಮುಂಬಯಿಗೆ ಇದರ ಉಸಾಬರಿ ಯಾಕೆ ಎಂಬ ಮಾತು. ರಾಯರೇ, ಇಷ್ಟು ವರ್ಷ ಈ ಊರಿನ ನೀರು ಕುಡಿದ ನೀವು ಹೀಗೆ ಕೇಳಬಾರದಿತ್ತು. 1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ಖಗೋಳಜ್ಞ ಕ್ಯಾರಿಂಗ್ಟನ್ ಸೂರ್ಯನ ಮೇಲೊಂದು ಸ್ಫೋಟ ಕಂಡ. ಸುಮಾರು ಹದಿನೇಳೂವರೆ ಗಂಟೆಯಲ್ಲಿ ಅದರ ಹೊಡೆತ ಭೂಮಿಗೆ ತಾಗಿತು. ಕ್ಯೂಬಾ, ಹವಾಯಿಗಳಲ್ಲೂ ಧ್ರುವಪ್ರಭೆ ಕಂಡಿತು. ನಮ್ಮಲ್ಲಿ ಆಗ ಹಗಲು. ಆಕಾಶದಲ್ಲಿ ನೋಡಲು ಏನೂ ಇಲ್ಲ. ಆದರೆ ಕೊಲಾಬಾ ವೀಕ್ಷಣಾಲಯದಲ್ಲಿ ಕಾಂತಮಾಪಕದ, ಅಂದರೆ ಭೂಮಿಯ ಕಾಂತಬಲ ಅಳೆಯುವ ಸೂಜಿಯ, ಮುಂದೆ ಕೂತಿದ್ದವರು ಗಂಟೆಗೊಮ್ಮೆ ಬರೆಯುವುದನ್ನು ಬಿಟ್ಟು ಐದು, ಹದಿನೈದು ನಿಮಿಷಕ್ಕೊಮ್ಮೆ ಬರೆಯತೊಡಗಿದರು. ಭೂಮಿಯ ಕಾಂತಕ್ಷೇತ್ರದಲ್ಲಿ ಸುಮಾರು 1,600 ನ್ಯಾನೊಟೆಸ್ಲಾ (ಕಾಂತಬಲದ ಅಳತೆ) ಕುಸಿತ! ಆ ಅಂಕಿಗಳನ್ನು 2003ರಲ್ಲಿ ವಿಜ್ಞಾನಿ ಬ್ರೂಸ್ ತ್ಸುರುತಾನಿ ಮತ್ತು ಸಂಗಡಿಗರು ಜಗತ್ತಿನ ಮುಂದಿಟ್ಟರು. ಅವರಲ್ಲಿ ಇಬ್ಬರು, ಜಿ. ಎಸ್. ಲಖೀನಾ ಮತ್ತು ಸೋಭನಾ ಅಲೆಕ್ಸ್, ಮುಂಬಯಿಯ ಭಾರತೀಯ ಭೂಕಾಂತತ್ವ ಸಂಸ್ಥೆಯವರು. 1872ರ ಫೆಬ್ರುವರಿ 4ರ ರಾತ್ರಿಯಂತೂ ಮುಂಬಯಿಯ ಆಕಾಶದಲ್ಲೇ ಧ್ರುವಪ್ರಭೆ ಕಂಡಿತೆಂದು ಆಗಿನ ಪತ್ರಿಕೆ ವರದಿ ಮಾಡಿತ್ತು.

ಊರಿಗೆ ವಿದ್ಯುತ್ ಟ್ರಾಮ್ ಬರುತ್ತದೆ, ಅದರ ಕರೆಂಟು ಸೂಜಿಯನ್ನು ಕದಲಿಸುತ್ತದೆ ಎಂದಾಗ ಈ ಅಳತೆಯ ಕೆಲಸವನ್ನು 1904ರಲ್ಲಿ ಅಲಿಬಾಗಕ್ಕೆ ಒಯ್ದರು. ಅದರ ಹಿಂದಿದ್ದವರು ನಾನಾಭಾಯ್ ಮೂಸ್ ಎಂಬ ಪಾರ್ಸಿ ವಿಜ್ಞಾನಿ. ಹಲವು ವರ್ಷದ ಹಿಂದೆ ಲಾಂಚಿನಲ್ಲಿ ಮಾಂಡವಾಕ್ಕೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ನಾನೂ ಅದನ್ನು ನೋಡಿ ಬಂದೆ. ಪೋರಬಂದರದ ಕಲ್ಲಿನ ಕಟ್ಟಡ, ಕಬ್ಬಿಣ ಸೋಕಿಸಿಲ್ಲ. ಬಾಗಿಲಲ್ಲಿ ನನ್ನ ಬೀಗದ ಕೈ, ಗಡಿಯಾರ, ಕೊನೆಗೆ ಬೆಲ್ಟನ್ನೂ ತೆಗೆದಿರಿಸಿ ಒಳಹೊಕ್ಕೆ. ಗರ್ಭಗುಡಿಗೆ ಹೋಗುವಾಗ ಅಂಗಿ ತೆಗೆದ ನೆನಪಾಯಿತು. ಕೈಮುಗಿಯಬೇಕು ಅನ್ನಿಸಿದ್ದು ನನಗೆ ಅಲ್ಲಿ, ರಾಯರೇ.

ಈಗ ನಮ್ಮವರು ಲಕ್ಷಗಟ್ಟಲೆ ಕೊಟ್ಟು ನಾರ್ವೆಯ ಟ್ರೊಮ್ಸೊಗೆ ಹೋಗುತ್ತಾರೆ, ಫೋಟೋ ತರುತ್ತಾರೆ. ಹೋಗಲಿ, ಕಣ್ಣಿಗೆ ಹಬ್ಬ. ಸಮುದ್ರದಾಚೆ ಹತ್ತಿರದಲ್ಲೇ ಇರುವ ಅಲಿಬಾಗದ ಸೂಜಿಯ ಸುದ್ದಿ ಮಾತ್ರ ಅವರಿಗೆ ಯಾರೂ ಹೇಳಿಲ್ಲ ಎಂಬುದೇ ನನ್ನ ಸಂಕಟ. ಹೇಳಬೇಕಾದ್ದು ನಮ್ಮಂಥ ಪತ್ರಿಕೆಗಳು. ಕಾಗದದ ಬೆಲೆ ಏರಿದಾಗಲೆಲ್ಲ ಮೊದಲ ಕತ್ತರಿ ವಿಜ್ಞಾನದ ಪುಟಕ್ಕೇ. ನಾನು ಓದಿದ ರಾತ್ರಿ ಶಾಲೆ ಮುಚ್ಚಿಹೋಯಿತು. ಸೋಡಿಯಂ ಎಂದರೇನೆಂದು ಹೋಟೆಲ್ ಹುಡುಗನಿಗೆ ಅವನ ಮಾತಿನಲ್ಲೇ ಹೇಳುವ ಮಾಸ್ತರರು ಈಗ ಎಲ್ಲಿ? ವಿಜ್ಞಾನ ಇಂಗ್ಲಿಷಿಗೆ, ಕನ್ನಡ ಕತೆ-ಕವಿತೆಗೆ ಎಂದು ಪಾಲು ಹಂಚಿದವರು ಯಾರು? ನಿಮ್ಮಂಥ ಓದುಗರೂ ಹಾಗೆ ಬರೆದರೆ ನೋವಾಗುತ್ತದೆ.

ಆದ್ದರಿಂದ ಆ ನಾಲ್ಕು ಪುಟ ಬಿಟ್ಟುಕೊಡಲಾರೆ. ಕವಿತೆಗೆ ಬೇರೆ ಜಾಗ ಮಾಡುತ್ತೇನೆ, ನನ್ನ ಈ ಅಂಕಣವನ್ನೇ ಒಂದು ಪುಟ ಕಡಿಮೆ ಮಾಡಿ. ಮೊಮ್ಮಗಳಿಗೆ ಮೇಲಿನ ಉತ್ತರ ಓದಿ ಹೇಳಿ. ಅವಳ ಮುಂದಿನ ಪ್ರಶ್ನೆಯನ್ನು ನೀವು ಬರೆಯಬೇಡಿ, ಅವಳ ಕೈಯಲ್ಲೇ ಕನ್ನಡದಲ್ಲಿ ಬರೆಸಿ ಕಳಿಸಿ. ಕಾಗುಣಿತ ತಪ್ಪಿದ್ದರೆ ನಾವು ತಿದ್ದಿಕೊಳ್ಳುತ್ತೇವೆ.

ಸಂಪಾದಕ