ಪುಣೆಯಲ್ಲಿರುವ ಹಳೆ ಮಾರುತಿ ಜಿಪ್ಸಿಗೆ ಎಷ್ಟು ಇಂಚಿನ ಲಿಫ್ಟ್ ಕಿಟ್ (ಗಾಡಿ ಎತ್ತರಿಸುವ ಬಿಡಿಭಾಗಗಳು) ಹಾಕಿಸಬೇಕು? ಮಳೆಗಾಲದಲ್ಲಿ ತಾಮ್ಹಿಣಿ ಘಾಟ್ ಕಡೆಯ ಕೆಸರು ದಾರಿಗೆ ಬೇಕು.

2 ಇಂಚು ಸಾಕು. ಆದರೆ ಕಿಟ್ ಕೊಳ್ಳುವ ಮುಂಚೆ ಈಗಿನ ಪಟ್ಟಾಗಳನ್ನು, ಅಂದರೆ ಲೀಫ್ ಸ್ಪ್ರಿಂಗ್‌ಗಳನ್ನು (ಇಲ್ಲಿನ ಮೆಕ್ಯಾನಿಕ್‌ಗಳ ಬಾಯಲ್ಲಿ 'ಪಾಟಾ') ನೋಡಿ. ವಯಸ್ಸಾದ ಗಾಡಿಯಲ್ಲಿ ಅವು ಕುಸಿದಿರುತ್ತವೆ, ತುದಿಯ ರಬ್ಬರ್ ಬುಷ್ ಸವೆದಿರುತ್ತದೆ. ಬರೀ ಹೊಸ ಸ್ಟಾಕ್ ಪಟ್ಟಾ ಹಾಕಿದರೇ ಗಾಡಿ ಎದ್ದು ನಿಲ್ಲಬಹುದು. ಪಟ್ಟಾ ಕೂರುವ ಬ್ರ್ಯಾಕೆಟ್‌ಗಳ ಸುತ್ತ ಚಾಸಿಯನ್ನು ಸುತ್ತಿಗೆಯಿಂದ ತಟ್ಟಿ. ಠಣ್ ಅನ್ನದೆ ಮೊದ್ದಾಗಿ ಕೇಳಿದರೆ ಒಳಗೆ ತುಕ್ಕು. ಮೊದಲು ವೆಲ್ಡಿಂಗ್, ಆಮೇಲೆ ಲಿಫ್ಟ್.

ಅಗ್ಗವೆಂದು ಉದ್ದನೆಯ ಶ್ಯಾಕಲ್ (ಪಟ್ಟಾದ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ) ಮಾತ್ರ ಹಾಕಿಸಬೇಡಿ. 2 ಇಂಚು ಉದ್ದ ಮಾಡಿದರೆ ಎತ್ತರ ಸಿಗುವುದು ಸುಮಾರು 1 ಇಂಚು. ಮೇಲಾಗಿ ಮುಂದಿನ ಆಕ್ಸಲ್ ಮುಂದಕ್ಕೆ ವಾಲಿ ಕ್ಯಾಸ್ಟರ್ (ಸ್ಟೀರಿಂಗ್ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗುತ್ತದೆ. ಎಕ್ಸ್‌ಪ್ರೆಸ್‌ವೇಯಲ್ಲಿ ಸ್ಟೀರಿಂಗ್ ಅತ್ತಿತ್ತ ಓಡುತ್ತದೆ. ಹೆಚ್ಚು ಕಮಾನಿರುವ ಪಟ್ಟಾ, ಅದಕ್ಕೆ ಹೊಂದುವ ಉದ್ದನೆಯ ಶಾಕ್ ಅಬ್ಸಾರ್ಬರ್, ಪಟ್ಟಾವನ್ನು ಆಕ್ಸಲ್‌ಗೆ ಕಟ್ಟುವ ಹೊಸ ಯು-ಬೋಲ್ಟ್ (ಹಳೆಯವು ಹಿಗ್ಗಿರುತ್ತವೆ, ಮತ್ತೆ ಬಳಸಬಾರದು) ಇರುವ ಕಿಟ್ ಆರಿಸಿ.

ಕೂರಿಸಿದ ಮೇಲೆ ಚಾಸಿಯನ್ನು ಜ್ಯಾಕ್‌ನಿಂದ ಎತ್ತಿ ಚಕ್ರ ಪೂರ್ತಿ ಜೋತುಬೀಳಲಿ. ಬ್ರೇಕ್ ಹೋಸ್ ಬಿಗಿಯಾದರೆ ಉದ್ದನೆಯದು ಬೇಕೇ ಬೇಕು. ಪಟ್ಟಾದ ಕಣ್ಣಿನ ಬೋಲ್ಟ್‌ಗಳನ್ನು ಗಾಡಿ ನೆಲದ ಮೇಲೆ ನಿಂತಾಗಲೇ ಕೊನೆಯದಾಗಿ ಬಿಗಿಯಿರಿ, ಇಲ್ಲದಿದ್ದರೆ ಬುಷ್ ತಿರುಚಿ ಹರಿಯುತ್ತದೆ. 500 ಕಿ.ಮೀ. ನಂತರ ಯು-ಬೋಲ್ಟ್ ಮತ್ತೆ ಬಿಗಿ ಮಾಡಿಸಿ. ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಅದುರಿದರೆ ಅದರ ಕೋನ ಕೆಟ್ಟಿರಬಹುದು.

ಇನ್ನೊಂದು, ಲಿಫ್ಟ್‌ನಿಂದ ಬಾಡಿ ಏರುತ್ತದೆಯೇ ಹೊರತು ಡಿಫರೆನ್ಷಿಯಲ್ (ಆಕ್ಸಲ್ ಮೇಲಿನ ದಪ್ಪ ಗೇರ್ ಭಾಗ) ಏರುವುದಿಲ್ಲ. ಅದಕ್ಕೆ ದೊಡ್ಡ ಟೈರೇ ಬೇಕು.