ಓದುಗರ ಪ್ರಶ್ನೆ: ವೆಲ್ಡರ್ ಸರ್ಟಿಫಿಕೇಟನ್ನು ಎಷ್ಟು ನಂಬಬಹುದು?

ಪ್ರಶ್ನೆ: ತೋರಣಗಲ್ಲಿನ ಒಬ್ಬ ಕಂಟ್ರಾಕ್ಟರ್ ಹತ್ತಿರ 6ಜಿ ಟೆಸ್ಟ್ (45 ಡಿಗ್ರಿ ಓರೆಯಾಗಿ ಕಟ್ಟಿದ ಪೈಪನ್ನು ತಿರುಗಿಸದೆ ಬೆಸೆಯುವುದು) ಪಾಸಾಗಿದ್ದೆ. ಗಿಣಿಗೇರಾದಲ್ಲಿ ಕೆಲಸ ಕೇಳಿದರೆ ಮತ್ತೆ ಟೆಸ್ಟ್ ಕೊಡು ಅಂತಾರೆ. ಹಳೇ ಸರ್ಟಿಫಿಕೇಟಿಗೆ ಬೆಲೆ ಇಲ್ವಾ?
– ಓದುಗರು, ಸಂಡೂರು

ಉತ್ತರ: ಅದು ನಿಮ್ಮ ಮೇಲಿನ ಅನುಮಾನವಲ್ಲ. ಎಎಸ್‌ಎಂಇ ಸೆಕ್ಷನ್ 9 (ವೆಲ್ಡಿಂಗ್ ಅರ್ಹತೆಗೆ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘ ಮಾಡಿದ ನಿಯಮಾವಳಿ) ಪ್ರಕಾರ ವೆಲ್ಡರನ ಪರೀಕ್ಷೆಗೆ ಅವನನ್ನು ಕೆಲಸಕ್ಕೆ ಹಚ್ಚುವ ಸಂಸ್ಥೆಯೇ ಹೊಣೆ. ಒಬ್ಬರು ಕೊಟ್ಟ ಕಾಗದ ಇನ್ನೊಬ್ಬರಲ್ಲಿ ತಾನಾಗಿ ನಡೆಯುವುದಿಲ್ಲ. ಒಂದೇ ಕಡೆ ಇದ್ದರೂ ಟೆಸ್ಟ್ ಕೊಟ್ಟ ವೆಲ್ಡಿಂಗ್ ವಿಧಾನದಲ್ಲಿ ಆರು ತಿಂಗಳು ವೆಲ್ಡಿಂಗ್ ಮಾಡದಿದ್ದರೆ ಅರ್ಹತೆ ಮುಗಿಯಿತು. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದಂಥ ಕಡೆ ಬಾಯ್ಲರ್ ಕೆಲಸವಾದರೆ ಐಬಿಆರ್ (ಭಾರತೀಯ ಬಾಯ್ಲರ್ ನಿಯಮಾವಳಿ) ಸರ್ಟಿಫಿಕೇಟ್ ಬೇರೆಯೇ ಬೇಕು.

ಟೆಸ್ಟ್ ಪೈಪಿನ ಅಳತೆಯನ್ನೂ ನೋಡಿಕೊಳ್ಳಿ. 6 ಇಂಚಿನ, 7.1 ಮಿ.ಮೀ. ದಪ್ಪದ ಪೈಪಿನಲ್ಲಿ ಪಾಸಾದರೆ 14.2 ಮಿ.ಮೀ. ದಪ್ಪದವರೆಗೆ, 73 ಮಿ.ಮೀ. ಹೊರವ್ಯಾಸದಿಂದ ಮೇಲಕ್ಕೆ ಮಾತ್ರ ಅರ್ಹತೆ. 2 ಇಂಚಿನ ಲೈನಿನ ಹೊರವ್ಯಾಸ 60.3 ಮಿ.ಮೀ., ಅದು ಹೊರಗುಳಿಯಿತು! ಕೇಳಲು ಅವಕಾಶವಿದ್ದರೆ 2 ಇಂಚಿನ, ದಪ್ಪ ಗೋಡೆಯ ಪೈಪನ್ನೇ ಕೇಳಿ; 25 ಮಿ.ಮೀ.ನಿಂದ ಮೇಲಿನ ವ್ಯಾಸವೆಲ್ಲ ಸಿಗುತ್ತದೆ.

ಪ್ರಶ್ನೆ: ತಮ್ಮನ ಜಾಯಿಂಟ್ ಎಕ್ಸ್-ರೇಯಲ್ಲಿ ಪಾಸ್, ಅಂಥದ್ದೇ ಇನ್ನೊಂದು ಬೆಂಡ್ ಟೆಸ್ಟಿನಲ್ಲಿ (ಜಾಯಿಂಟಿನಿಂದ ಪಟ್ಟಿ ಕತ್ತರಿಸಿ ಬಗ್ಗಿಸಿ ನೋಡುವುದು) ಫೇಲ್. ಯಾವುದು ನಿಜ?
– ಓದುಗರು, ಸಿಂಧನೂರು

ಉತ್ತರ: ಎರಡೂ ನಿಜವಿರಬಹುದು. ಗಾಳಿಗುಳ್ಳೆ, ಸ್ಲ್ಯಾಗ್ (ಒಳಗೆ ಸಿಕ್ಕಿಕೊಂಡ ಕಿಟ್ಟ) ಎಕ್ಸ್-ರೇ ಫಿಲ್ಮಿನಲ್ಲಿ ಕಪ್ಪಗೆ ಕಾಣುತ್ತವೆ. ಬೆವೆಲ್ ಗೋಡೆಗೆ, ಅಂದರೆ ಓರೆಯಾಗಿ ಕತ್ತರಿಸಿದ ಅಂಚಿಗೆ, ಲೋಹ ಕರಗಿ ಕೂಡದಿದ್ದರೆ ಉಳಿಯುವ ಸಂದು ಕಾಗದದಷ್ಟು ತೆಳು. ಕಿರಣ ಅದರ ಉದ್ದಕ್ಕೇ ಹಾಯದಿದ್ದರೆ ಫಿಲ್ಮಿನಲ್ಲಿ ಮೂಡುವುದಿಲ್ಲ. ಬಗ್ಗಿಸಿದಾಗ ಅದೇ ಬಾಯಿಬಿಡುತ್ತದೆ. ಮಿಗ್‌ನ (ಗ್ಯಾಸ್ ಹಾಯಿಸಿ ತಂತಿ ಕರಗಿಸುವ ವೆಲ್ಡಿಂಗ್) ಶಾರ್ಟ್ ಸರ್ಕ್ಯೂಟ್ ವಿಧಾನಕ್ಕೆ, ಅಂದರೆ ತಂತಿ ಲೋಹಕ್ಕೆ ತಾಗಿ ತಾಗಿ ಕರಗುವ ಬಗೆಗೆ, ಎಕ್ಸ್-ರೇ ಒಂದರಿಂದಲೇ ವೆಲ್ಡರನ್ನು ಪಾಸು ಮಾಡುವಂತಿಲ್ಲ ಎಂಬ ನಿಯಮ ಈ ಕಾರಣಕ್ಕೇ.

ಸಾಮಾನ್ಯ ತಪ್ಪುಗಳೆಂದರೆ ಕರೆಂಟ್ ಕಡಿಮೆ ಇಡುವುದು, ಟ್ಯಾಕ್‌ನ (ಜೋಡಿಸಿ ಹಿಡಿಯಲು ಹಾಕಿದ ಚಿಕ್ಕ ಬೆಸುಗೆ) ಎರಡೂ ತುದಿ ಗ್ರೈಂಡರಿನಲ್ಲಿ ಇಳಿಜಾರು ಮಾಡದೆ ರೂಟ್ (ತಳದ ಮೊದಲ ಪದರ) ಹಾಕುವುದು. ಆದರೆ ಬಗ್ಗಿಸುವ ಪಟ್ಟಿಯ ತಯಾರಿಯಲ್ಲೂ ಎಡವಟ್ಟಾಗುತ್ತದೆ. ಗ್ರೈಂಡರಿನ ಗೀರು ಪಟ್ಟಿಯ ಉದ್ದಕ್ಕೇ ಇರಬೇಕು, ಅಡ್ಡ ಇದ್ದರೆ ಅಲ್ಲಿಂದಲೇ ಸೀಳುತ್ತದೆ. ಅಂಚುಗಳ ಚೂಪನ್ನೂ ಉಜ್ಜಿ ತೆಗೆಯಬೇಕು. ಬಗ್ಗಿದ ಮೈಮೇಲೆ 3 ಮಿ.ಮೀ. ಮೀರಿದ ಬಿರುಕು ಇದ್ದರೆ ಫೇಲ್. ಮೂಲೆಯ ಬಿರುಕು, ಒಳಗಿನ ಸ್ಲ್ಯಾಗ್ ಅಥವಾ ಕೂಡದ ಲೋಹದಿಂದ ಬಂದದ್ದಲ್ಲದಿದ್ದರೆ, ಲೆಕ್ಕಕ್ಕಿಲ್ಲ. ತಮ್ಮನ ಪಟ್ಟಿ ಎಲ್ಲಿ ಸೀಳಿದೆ, ನೋಡಿ ಬನ್ನಿ.

ಪ್ರಶ್ನೆ: ಬಳ್ಳಾರಿಯಲ್ಲಿ ಒಂದೇ ದಿನದಲ್ಲಿ ಸರ್ಟಿಫಿಕೇಟ್ ಕೊಡ್ತೀವಿ ಅಂತಾರೆ. ತಗೊಳ್ಳಲಾ?
– ಓದುಗರು, ಕುರುಗೋಡು

ಉತ್ತರ: ಮಾದರಿ ಕಾಗದ ತೋರಿಸಲು ಹೇಳಿ. ಡಬ್ಲ್ಯೂಪಿಎಸ್ (ವೆಲ್ಡಿಂಗ್ ಹೇಗೆ ಮಾಡಬೇಕೆಂದು ಬರೆದಿಟ್ಟ ಕ್ರಮಪತ್ರ) ನಂಬರ್, ಪೊಸಿಷನ್ (ಬೆಸೆದಾಗ ಪೈಪ್ ಇದ್ದ ಭಂಗಿ), ದಪ್ಪ, ವ್ಯಾಸ, ರಾಡ್ ವರ್ಗ, ಬೆಂಡ್ ಅಥವಾ ಎಕ್ಸ್-ರೇ ಫಲಿತಾಂಶ, ಎದುರು ನಿಂತು ನೋಡಿದವರ ಸಹಿ ಇರಬೇಕು. ಬರೀ “6ಜಿ ಪಾಸ್” ಎಂದಿದ್ದರೆ ದುಡ್ಡು ಉಳಿಸಿಕೊಳ್ಳಿ.